ಪ್ರೀತಮ್ ಬಿದ್ದ ಗುಂಡಿ

ಬೆಂಗಳೂರಿನಲ್ಲಿ ಸಾಮಾನ್ಯ ಮನುಷ್ಯ ಗುಂಡಿಗೆ ಬಿದ್ದರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಸಿನಿಮಾ ನಾಯಕ ಬಿದ್ದರೆ ವರ್ಷಗಟ್ಟಲೆ ಪ್ರದರ್ಶನ. 2006ರ ಡಿಸೆಂಬರ್ 29ರಂದು ತೆರೆಗೆ ಬಂದ ‘ಮುಂಗಾರು ಮಳೆ’ಯನ್ನು ನೆನಪು ಮಾಡಿಕೊಳ್ಳಿ. ಪ್ರೀತಮ್ ಎಂಬ ಹುಡುಗ ಈವಾ ಮಾಲ್ ಹತ್ತಿರ ಗಾಳಿಯಲ್ಲಿ ಬರುತ್ತಿರುವ ಹುಡುಗಿಯೊಬ್ಬಳನ್ನು ಕಣ್ಣು ಮಿಟುಕಿಸದೆ ನೋಡುತ್ತಾ ನಡೆದವನು ಸೀದಾ ಮ್ಯಾನ್‌ಹೋಲಿಗೆ ಬೀಳುತ್ತಾನೆ. ಅವಳೇ ಬಂದು ಎತ್ತುತ್ತಾಳೆ. ಎತ್ತುವ ಗಡಿಬಿಡಿಯಲ್ಲಿ ಆಗಷ್ಟೇ ಕೊಂಡಿದ್ದ ಹೃದಯದಾಕಾರದ ವಾಚನ್ನು ಕಳೆದುಕೊಳ್ಳುತ್ತಾಳೆ. ಹುಡುಗಿ ನಂದಿನಿ ಹೋದಳು, ವಾಚು ಇವನ ಕೈಯಲ್ಲಿ ಉಳಿಯಿತು.

ಯೋಗರಾಜ ಭಟ್ಟರು ಇದನ್ನು ನಗಿಸಲೆಂದೇ ಇಟ್ಟಿದ್ದಾರು. ನಾವೂ ನಕ್ಕೆವು. ಆದರೆ ಪ್ಯಾರಿಸಿನ ಜಾಕ್ ಲಕಾನ್ ಎಂಬ ಮನೋವಿಶ್ಲೇಷಕ ಮಹಾಶಯ ಅಂದು ಬದುಕಿದ್ದು, ನಮ್ಮ ಜೊತೆ ಬಾಲ್ಕನಿಯಲ್ಲಿ ಕೂತಿದ್ದರೆ, ಎದ್ದು ನಿಂತು ಶಿಳ್ಳೆ ಹೊಡೆಯುತ್ತಿದ್ದನೋ ಏನೋ. ಅವನು ಮೂವತ್ತು ವರ್ಷ ಪಾಠ ಮಾಡಿ, ಗಣಿತದ ಚಿಹ್ನೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಶಿಷ್ಯರ ತಲೆ ಕೆಡಿಸಿ ಹೇಳಿದ್ದನ್ನು ನಮ್ಮ ಭಟ್ಟರು ಒಂದೇ ಶಾಟಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಆಸೆ ಹುಟ್ಟುವ ಜಾಗದಲ್ಲಿ ಒಂದು ವಸ್ತು ಇರುವುದಿಲ್ಲ, ಒಂದು ಗುಂಡಿ ಇರುತ್ತದೆ. ಆ ಗುಂಡಿಯ ಅಂಚಿನಲ್ಲಿ ಯಾರೋ ಬೀಳಿಸಿಕೊಂಡು ಹೋದ ಒಂದು ಚೂರು ಹೊಳೆಯುತ್ತಿರುತ್ತದೆ. ನಾವು ಆ ಚೂರನ್ನು ಹಿಡಿದುಕೊಂಡು ಊರೂರು ತಿರುಗುತ್ತೇವೆ.

ಲಕಾನನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗೋಣ. 1901ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ. ಫ್ರಾಯ್ಡನನ್ನು ಎಲ್ಲರೂ ತಪ್ಪಾಗಿ ಓದಿದ್ದಾರೆ, ಸರಿಯಾಗಿ ಓದುವವನು ನಾನೊಬ್ಬನೇ ಎಂಬ ಧೋರಣೆ. ಮುಕ್ಕಾಲು ಗಂಟೆಯೋ ಐವತ್ತು ನಿಮಿಷವೋ ನಡೆಯಬೇಕಾದ ಚಿಕಿತ್ಸೆಯ ಕೂಟವನ್ನು ತನಗೆ ತೋಚಿದಾಗ ನಿಲ್ಲಿಸಿ ರೋಗಿಯನ್ನು ಎಬ್ಬಿಸಿ ಕಳಿಸುತ್ತಿದ್ದ. ಹಣ ಮಾತ್ರ ಪೂರ್ತಿ. ಇದಕ್ಕಾಗಿ ಹಿರಿಯರ ಜೊತೆ ಜಗಳವಾಗಿ, 1963ರಲ್ಲಿ ಅಂತರರಾಷ್ಟ್ರೀಯ ಸಂಘದವರು ಇವನನ್ನು ಗುರುಗಳ ಪಟ್ಟಿಯಿಂದ ತೆಗೆಯಿಸಿದರು. ಇವನ ಬರಹ ಓದುವುದು ಸರ್ಜಾಪುರ ರಸ್ತೆಯಲ್ಲಿ ಸಂಜೆ ಆರಕ್ಕೆ ಕಾರು ಓಡಿಸಿದ ಹಾಗೆ. ಆದರೆ ತಿರುಳು ಕಷ್ಟದ್ದಲ್ಲ. ಮಗುವಿಗೆ ಹಸಿವು. ಅಳುತ್ತದೆ. ಅಮ್ಮ ಹಾಲು ಕೊಡುತ್ತಾಳೆ. ಹೊಟ್ಟೆ ತುಂಬಿತು, ಆದರೂ ಮಗು ರಂಪ ಮಾಡುತ್ತದೆ. ಯಾಕೆ? ಅದು ಹಾಲನ್ನಷ್ಟೇ ಕೇಳಲಿಲ್ಲ, ಹಾಲಿನ ಜೊತೆಗೆ ಅಮ್ಮನನ್ನೂ ಕೇಳಿತು. ಹಾಲು ಸಿಕ್ಕ ಮೇಲೂ ಸಿಗದೆ ಮಿಕ್ಕದ್ದೇನೋ ಒಂದಿದೆಯಲ್ಲ, ಅದೇ ಹಂಬಲ. ಹಸಿವಿಗೆ ಅನ್ನವಿದೆ, ಹಂಬಲಕ್ಕೆ ಇಲ್ಲ. ಅದು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಇರುತ್ತದೆ.

ಕನ್ನಡದವರಿಗೆ ಇದೆಲ್ಲ ಪರದೇಶದ ಸರಕೇನಲ್ಲ. 1942ರಲ್ಲಿ ‘ಕೊರವಂಜಿ’ ಎಂಬ ನಗೆ ಪತ್ರಿಕೆ ಶುರು ಮಾಡಿದ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರೇ, ‘ಮನಮಂಥನ’ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಗಿಸುವವನೂ ಮನಸ್ಸನ್ನು ಬಗೆಯುವವನೂ ಒಬ್ಬನೇ ಆಗಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ 1971ರಲ್ಲಿ ಸಿನಿಮಾ ಮಾಡಿದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ಅತ್ತವರು ಈಗಲೂ ಇದ್ದಾರೆ. ಆದರೆ ಕಾವೇರಿಯದು ನಿಜವಾದ ಕಾಯಿಲೆ, ಅವಳ ಮೇಲೆ ಮನೆಯವರೂ ಊರವರೂ ಹೇರಿದ್ದು ಇನ್ನೂ ದೊಡ್ಡ ಕಾಯಿಲೆ. ಅಲ್ಲಿ ಹರಟೆಗೆ ಜಾಗವಿಲ್ಲ. ಪ್ರೀತಮ್ ಹಾಗಲ್ಲ. ಅವನಿಗೆ ಏನೂ ಆಗಿಲ್ಲ. ತೊಂದರೆ ಇರುವುದೂ ಅಲ್ಲಿಯೇ.

ಅವನನ್ನು ಗಮನಿಸಿ. ಉಳ್ಳವರ ಮನೆಯ ಒಬ್ಬನೇ ಮಗ, ಮುದ್ದು ಮಾಡುವ ತಾಯಿ, ಓಡಾಡಲು ಕಾರು, ಮಾತಿಗೆ ಬರವಿಲ್ಲದ ಬಾಯಿ. ಬೇಕೆಂದದ್ದು ಬೇಕೆನ್ನುವ ಮೊದಲೇ ಸಿಕ್ಕಿದೆ. ಇಂಥವನಿಗೆ ಕೊರತೆಯದೇ ಕೊರತೆ. ಗುಂಡಿಗೆ ಬೀಳುವವರೆಗೆ ಅವನಿಗೊಂದು ಕಥೆಯೇ ಇಲ್ಲ. ಬಿದ್ದ ಮೇಲೆ ಪುಣ್ಯಾತ್ಮನಿಗೆ ಬೆಳಗ್ಗೆ ಏಳಲು ಒಂದು ಕಾರಣ ಹುಟ್ಟಿತು.

ಮುಂದಿನದು ಇನ್ನೂ ಚೆಂದ. ತಾಯಿಯ ಜೊತೆ ಮಡಿಕೇರಿಗೆ ಹೊರಟವನನ್ನು ಜಾನು ಎಂಬ ಪುಂಡ ಅಡ್ಡಗಟ್ಟಿ ಹೊಡೆಯುತ್ತಾನೆ. ನಂದಿನಿಯ ಹಿಂದೆ ಬಿದ್ದಿರುವವನು ಇವನು ಎಂಬ ಅನುಮಾನ. ಇವನಿಗೋ ಆ ಹುಡುಗಿಯ ಊರು ಯಾವುದು, ಮನೆ ಯಾವುದು ಎಂಬುದೂ ಗೊತ್ತಿಲ್ಲ. ಹೊಡೆತ ತಿಂದ ಮೇಲೆ ಗೊತ್ತಾಯಿತು, ಓಹೋ, ಇದು ಹೊಡೆದಾಡುವಷ್ಟು ಬೆಲೆಯ ವಿಷಯ ಎಂದು. ನಮ್ಮ ಆಸೆ ನಮ್ಮದಲ್ಲ, ಅದು ಇನ್ನೊಬ್ಬರ ಆಸೆ ಎಂದು ಲಕಾನ್ ಹೇಳಿದ್ದು ಇದನ್ನೇ. ಐಟಿಪಿಎಲ್ ಹಿಂದಿನ ಬೇಕರಿಗಳ ಮುಂದೆ ಸಂಜೆ ಹೊತ್ತು ಬೈಟೂ ಚಹಾ ಹಿಡಿದು ನಿಂತವರ ಮಾತು ಕೇಳಿಸಿಕೊಂಡರೆ ಇದಕ್ಕೆ ಫ್ರೆಂಚ್ ಕಲಿಯಬೇಕಿಲ್ಲ. ನಿನ್ನೆಯವರೆಗೆ ತನ್ನ ಕೆಲಸದಲ್ಲಿ ನೆಮ್ಮದಿಯಾಗಿದ್ದ ಹುಡುಗನಿಗೆ, ಪಕ್ಕದ ಸೀಟಿನವನಿಗೆ ಮೂವತ್ತು ಪರ್ಸೆಂಟ್ ಹೈಕ್ ಸಿಕ್ಕಿತಂತೆ ಎಂದು ಗೊತ್ತಾದ ಕ್ಷಣದಿಂದ ನಿದ್ದೆಯಿಲ್ಲ. ಅವನಿಗೆ ದುಡ್ಡು ಸಾಲದೆ ಬಂದದ್ದಲ್ಲ ಇದು. ಪಕ್ಕದವನೇ ಅವನ ಪಾಲಿನ ಜಾನು.

ನನ್ನ ಅಕ್ಕನ ಮಗ ಇಂಥ ಬೇಕರಿಗಳ ಖಾಯಂ ಗಿರಾಕಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿ, ಈಗ ವೈಟ್‌ಫೀಲ್ಡಿಗೆ ಬಂದಿದ್ದಾನೆ. ‘ಮುಂಗಾರು ಮಳೆ’ ಬಂದಾಗ ಶಾಲೆಯ ಹುಡುಗ, ಅಮ್ಮನ ಜೊತೆ ಹೋಗಿ ನೋಡಿದವನು. ಆ ಸಿನಿಮಾಕ್ಕೂ ಈ ಊರಂಚಿಗೂ ಒಂದು ನಂಟಿದೆ. ಅದು ಥಿಯೇಟರಿನಲ್ಲಿ ಓಡುತ್ತಿದ್ದಾಗಲೇ, 2007ರ ಜನವರಿಯಲ್ಲಿ, ಮಹದೇವಪುರ, ಕೆ.ಆರ್. ಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಮೊದಲಾದ ಏಳು ನಗರಸಭೆಗಳೂ ಕೆಂಗೇರಿ ಪುರಸಭೆಯೂ ಸುತ್ತಲ ಹಳ್ಳಿಗಳೂ ಸೇರಿ ಬಿಬಿಎಂಪಿ ಆಯಿತು. ಅಂದರೆ ವೈಟ್‌ಫೀಲ್ಡೂ ಪೀಣ್ಯವೂ ಕಾಗದದ ಮೇಲೆ ಬೆಂಗಳೂರಿನವಾದದ್ದು ಆ ಮಳೆಯಲ್ಲೇ. ನಾಯಕ ಗಣೇಶ್ ನೆಲಮಂಗಲ ಕಡೆಯ ಅಡಕಮಾರನಹಳ್ಳಿಯವರು, ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಸೀಮೆ. ಸಂಗೀತ ಕೊಟ್ಟ ಮನೋಮೂರ್ತಿಯವರು ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸಿದವರು. ಮಲ್ಟಿಪ್ಲೆಕ್ಸಿನಲ್ಲಿ ಕನ್ನಡ ಸಿನಿಮಾ ಯಾರು ನೋಡುತ್ತಾರೆ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿ, ಅದು ಪಿವಿಆರ್‌ನಲ್ಲಿ ವರ್ಷಕ್ಕೂ ಮೀರಿ ಓಡಿತು. ನೋಡಿದವರಲ್ಲಿ ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡವರು ಕಡಿಮೆ ಇರಲಿಲ್ಲ. ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡಿದರು. ಹುಡುಗ ಹುಡುಗಿ ಒಂದಾಗದ ಸಿನಿಮಾವನ್ನು ದುಡ್ಡು ಕೊಟ್ಟು ಮತ್ತೆ ಮತ್ತೆ ಯಾಕೆ ನೋಡಬೇಕು?

ವಾಚಿನ ಕಥೆಗೆ ಬಂದರೆ ಉತ್ತರದ ಒಂದು ತುದಿ ಸಿಗುತ್ತದೆ. ಮಡಿಕೇರಿಯಲ್ಲಿ ನಂದಿನಿ ಮತ್ತೆ ಎದುರಾಗುತ್ತಾಳೆ. ನೋಡಿದರೆ, ತಾನು ಉಳಿದುಕೊಂಡಿರುವ ಮನೆಯ ಕರ್ನಲ್ ಸುಬ್ಬಯ್ಯನವರ ಮಗಳೇ ಅವಳು. ಮದುವೆಗೆ ವಾರವಷ್ಟೇ ಬಾಕಿ. ಬೇಸರದಲ್ಲಿ ಪ್ರೀತಮ್ ಆ ವಾಚನ್ನು ಎಸೆದುಬಿಡುತ್ತಾನೆ. ಅಷ್ಟರಲ್ಲಿ ಅವಳ ಫೋನು, ಒಂದಿಷ್ಟು ಕೆಣಕು ಮಾತು. ಇವನು ಎದ್ದೆನೋ ಬಿದ್ದೆನೋ ಎಂದು ಅದೇ ವಾಚನ್ನು ಹುಡುಕಲು ಓಡುತ್ತಾನೆ. ಫ್ರಾಯ್ಡ್ 1920ರ ಪುಸ್ತಕವೊಂದರಲ್ಲಿ ತನ್ನ ಒಂದೂವರೆ ವರ್ಷದ ಮೊಮ್ಮಗನ ಆಟವನ್ನು ವರ್ಣಿಸುತ್ತಾನೆ. ಮಗು ದಾರ ಕಟ್ಟಿದ ಮರದ ಉರುಳೆಯನ್ನು ತೊಟ್ಟಿಲ ಪರದೆಯಾಚೆ ಎಸೆದು ‘ಹೋಯ್ತು’ ಎನ್ನುವುದು, ಎಳೆದುಕೊಂಡು ‘ಬಂತು’ ಎನ್ನುವುದು. ಅಮ್ಮ ಹೊರಗೆ ಹೋದಾಗಿನ ಸಂಕಟವನ್ನು ಮಗು ಆಟ ಮಾಡಿಕೊಂಡಿತ್ತು. ಪ್ರೀತಮ್ ಮಾಡಿದ್ದೂ ಅದೇ ಆಟ, ಮೀಸೆ ಬಂದ ಮೇಲೆ. ಆದರೆ ಇಲ್ಲಿ ಭಟ್ಟರು ಫ್ರಾಯ್ಡನಿಗಿಂತ ಒಂದು ಹೆಜ್ಜೆ ಮುಂದೆ. ವಾಚು ಹುಡುಕಲು ಹೋದವನಿಗೆ ಸಿಕ್ಕಿದ್ದು ಮೊಲ ಕೂಡ! ಕಳೆದದ್ದನ್ನು ಹುಡುಕುವವನಿಗೆ ಕಳೆದದ್ದಷ್ಟೇ ಸಿಗುವುದಿಲ್ಲ, ತಾನು ಕೇಳಿಯೇ ಇರದ ಇನ್ನೊಂದು ತೆಕ್ಕೆಗೆ ಬೀಳುತ್ತದೆ.

ಆ ಮೊಲಕ್ಕೆ ದೇವದಾಸ ಎಂದು ಹೆಸರಿಟ್ಟು ಅವನು ಅದರ ಜೊತೆ ಆಡುವ ಮಾತುಗಳನ್ನು ಕೇಳಬೇಕು. ಕನ್ನಡ ಚಿತ್ರರಂಗ ಕಂಡ ಅತ್ಯುತ್ತಮ ಮನೋವಿಶ್ಲೇಷಕ ಆ ಮೊಲವೇ ಎಂಬುದು ನನ್ನ ಅಚಲ ಅಭಿಪ್ರಾಯ. ಉಪದೇಶವಿಲ್ಲ, ‘ಪಾಸಿಟಿವ್ ಆಗಿರಿ’ ಎಂಬ ಮಾತಿಲ್ಲ, ಫೀಸಿಲ್ಲ. ಸುಮ್ಮನೆ ಮೂಗು ಅಲ್ಲಾಡಿಸುತ್ತಾ ಕೇಳಿಸಿಕೊಳ್ಳುತ್ತದೆ. ಎದುರಿಗಿರುವವನು ಬಾಯಿ ಮುಚ್ಚಿಕೊಂಡಿದ್ದರೆ ಮಾತಾಡುವವನಿಗೆ ತನ್ನ ಮಾತೇ ತನಗೆ ಕೇಳಿಸತೊಡಗುತ್ತದೆ, ಚಿಕಿತ್ಸೆ ಎಂದರೆ ಅಷ್ಟೇ. ಇತ್ತ ಅನಂತನಾಗ್ ಅವರ ಕರ್ನಲ್ಲರೋ ಕಿವಿ ಮಂದದವರು. ಇವನು ಹೇಳಬೇಕಾದ ಒಂದೇ ಒಂದು ಮಾತು ಅವರಿಗೆ ತಲುಪುವುದಿಲ್ಲ. ಹೇಳಲೇಬೇಕಾದವರಿಗೆ ಕಿವಿ ಕೇಳಿಸದು, ಕಿವಿ ಉದ್ದ ಇರುವವನು ಮಾತಾಡಲಾರ. ಅಪ್ರೈಸಲ್ ಸಮಯದಲ್ಲಿ ನಮ್ಮ ಹುಡುಗರ ಪಾಡೂ ಇದೇ.

ಇನ್ನು ಕೊನೆ. ನಂದಿನಿಗೂ ಇವನ ಮೇಲೆ ಮನಸ್ಸಾಗಿದೆ. ಒಂದು ಮಾತು ಸಾಕಿತ್ತು. ಆ ಒಂದು ಮಾತನ್ನು ನುಂಗಿಕೊಂಡು, ಜಾನು ಕೈಗೆ ಸಿಕ್ಕ ಮದುವೆ ಗಂಡು ಗೌತಮನನ್ನು ಬಿಡಿಸಿ, ತಾನೇ ಮಂಟಪಕ್ಕೆ ತಲುಪಿಸುತ್ತಾನೆ. ಮೊಲ ಸಾಯುತ್ತದೆ. ತ್ಯಾಗ ಎಂದು ಜನ ಕಣ್ಣೊರೆಸಿಕೊಂಡರು. ನನ್ನ ಹೆಂಡತಿ ಮಾತ್ರ ಅಂದೇ ಹೇಳಿದ್ದಳು: “ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. ಇವನಿಗೆ ಅವಳು ಬೇಕಾಗಿರಲಿಲ್ಲ ಕಣ್ರೀ, ಮಳೆ ಬೇಕಾಗಿತ್ತು.” ಇವಳು ಲಕಾನನನ್ನು ಓದಿದವಳಲ್ಲ. ಓದಬೇಕಾದ ಅಗತ್ಯವೂ ಕಾಣುವುದಿಲ್ಲ.

ಈ ಮಾತು ನನಗೆ ಪೂರ್ತಿ ಅರ್ಥವಾದದ್ದು ಪೀಣ್ಯದಲ್ಲಿ. ಎರಡನೇ ಹಂತದಲ್ಲಿ ನನ್ನ ಷಡ್ಡಕರದು ಸಣ್ಣದೊಂದು ಮಷೀನ್ ಶಾಪು. ಒಂದು ಸಿಎನ್‌ಸಿ, ಎರಡು ಹಳೆಯ ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಗಾಳಿಯಲ್ಲಿ ಕೂಲೆಂಟಿನ ವಾಸನೆ. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳಲ್ಲಿ ತೂತು ಕೊರೆದು ಕೊಡುವುದು ಅವರ ಮುಖ್ಯ ಕಸುಬು. ಹಾಸನದ ಕಡೆಯ ಹುಡುಗನೊಬ್ಬ ಒಂದೊಂದು ಜಾಬನ್ನು ತೆಗೆದು, ಹತ್ತಿಬಟ್ಟೆಯಲ್ಲಿ ಒರೆಸಿ, ಗೇಜು ಎಂಬ ಬೆರಳುದ್ದದ ಉಕ್ಕಿನ ಕಡ್ಡಿಯೊಂದನ್ನು ತೂತಿಗೆ ಹಾಕಿ ನೋಡುತ್ತಿದ್ದ. ಕಡ್ಡಿಯ ಒಂದು ತುದಿ ‘ಗೋ’, ಇನ್ನೊಂದು ತುದಿ ‘ನೋ ಗೋ’, ನೋ ಗೋ ಕಡೆಗೆ ಕೆಂಪು ಬಳಿದಿದೆ. ಗೋ ತುದಿ ತೂತಿನೊಳಗೆ ತನ್ನ ತೂಕಕ್ಕೇ ಜಾರಬೇಕು. ನೋ ಗೋ ತುದಿ ಬಾಯಲ್ಲೇ ನಿಲ್ಲಬೇಕು. 25 ಮಿಲಿಮೀಟರಿನ ತೂತಿಗೆ ಎಚ್7 ಟಾಲರೆನ್ಸ್ ಎಂದರೆ ಅಳತೆಯಲ್ಲಿ ಕೊಡುವ ಸಡಿಲ ಬರೀ 21 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. “ತೂತು ಚಿಕ್ಕದಾದ್ರೆ ರಿವರ್ಕ್ ಮಾಡಬೋದು ಸಾರ್. ದೊಡ್ಡದಾದ್ರೆ ಸ್ಕ್ರ್ಯಾಪು” ಅಂದ ಹುಡುಗ. ಆ ತೂತಿನಲ್ಲಿ ಬುಶ್ಶೋ ಬೇರಿಂಗೋ ಕೂರುತ್ತದೆ, ಅದರೊಳಗೆ ಶಾಫ್ಟು ತಿರುಗುತ್ತದೆ. ತೂತಿಲ್ಲದ ಕಬ್ಬಿಣ ಬರೀ ತೂಕಕ್ಕೆ ಬರುತ್ತದೆ, ಅದರಿಂದ ಏನೂ ತಿರುಗುವುದಿಲ್ಲ.

ಕೊರತೆ ಎಂದೊಡನೆ ನಮಗೆ ರಸ್ತೆ ಗುಂಡಿ ಕಾಣುತ್ತದೆ, ಮುಚ್ಚು ಎನ್ನುತ್ತೇವೆ. ಲಕಾನ್ ಹೇಳುವ ಕೊರತೆ ಪೀಣ್ಯದ ತೂತು. ಅದನ್ನು ಮುಚ್ಚಿದರೆ ಮನುಷ್ಯ ನಿಲ್ಲುತ್ತಾನೆ. ಪ್ರೀತಮನ ಕಥೆ ಗೇಜಿನಲ್ಲಿ ಪಾಸಾದ ಕಥೆ. ನೋಡುವವರೆಲ್ಲ ಸಲೀಸಾಗಿ ಒಳಗೆ ಹೋದರು, ಅವನೊಬ್ಬ ಬಾಗಿಲಲ್ಲೇ ನಿಂತ. ಅವನೂ ಒಳಗೆ ಹೋಗಿದ್ದರೆ, ತಾಳಿ ಕಟ್ಟಿ ಶುಭಂ ಎಂದಿದ್ದರೆ, ಸಿನಿಮಾ ಐವತ್ತು ದಿನ ಓಡುತ್ತಿತ್ತೇನೋ. ತಿರುಗುತ್ತಿರಲಿಲ್ಲ. 2016ರಲ್ಲಿ ಬೇರೆ ನಿರ್ದೇಶಕರ ಕೈಯಲ್ಲಿ ‘ಮುಂಗಾರು ಮಳೆ 2’ ಬಂತು, ಗಣೇಶರೇ ನಾಯಕ. ಆದರೆ ಇಂದಿಗೂ ಬೇಕರಿ ಮುಂದೆ ಮಳೆ ಬಂದರೆ ಜನ ಗುನುಗುವುದು ಮೊದಲನೆಯದನ್ನೇ.

ಪ್ರೀತಮನ ಎದುರು ನಿಲ್ಲಿಸಬೇಕಾದವನು 2013ರ ‘ಲೂಸಿಯಾ’ದ ನಿಕ್ಕಿ. ಪವನ್ ಕುಮಾರ್ ಅವರ ಈ ಸಿನಿಮಾಕ್ಕೆ ನಿರ್ಮಾಪಕರು ಸಿಗದೆ, 110 ಜನ ಸೇರಿ ಸುಮಾರು ಅರ್ಧ ಕೋಟಿ ರೂಪಾಯಿ ಒಟ್ಟುಮಾಡಿಕೊಟ್ಟರು. ತಾವು ನೋಡಬೇಕೆಂದಿದ್ದ ಸಿನಿಮಾ ಇಲ್ಲವಲ್ಲ ಎಂಬ ಕೊರತೆಯೇ ಅಲ್ಲಿ ಬಂಡವಾಳ. ನೀನಾಸಂ ಸತೀಶರ ನಿಕ್ಕಿ ಥಿಯೇಟರಿನಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುವವನು, ನಿದ್ದೆ ಬಾರದವನು. ಯಾರೋ ಒಂದು ಮಾತ್ರೆ ಮಾರುತ್ತಾರೆ. ನುಂಗಿ ಮಲಗಿದರೆ ಬೇಕಾದ ಬದುಕಿನ ಕನಸು, ದಿನವೂ ಬಿಟ್ಟಲ್ಲಿಂದ ಮುಂದುವರಿಯುವ ಧಾರಾವಾಹಿ. ಕನಸಿನಲ್ಲಿ ಅವನು ದೊಡ್ಡ ಸಿನಿಮಾ ನಟ. ಟಾರ್ಚಿನ ಬದುಕು ಬಣ್ಣದಲ್ಲಿದೆ, ನಟನ ಬದುಕು ಕಪ್ಪು ಬಿಳುಪು. ಕೊನೆಗೆ ಗೊತ್ತಾಗುತ್ತದೆ, ಕಪ್ಪು ಬಿಳುಪೇ ನಿಜ. ಎಲ್ಲ ಸಿಕ್ಕಿ ಬೇಸತ್ತ ನಟನೊಬ್ಬ ಟಾರ್ಚು ಹಿಡಿಯುವ ಹುಡುಗನ ಕನಸು ಕಾಣುತ್ತಿದ್ದಾನೆ!

ಈ ನಟನನ್ನೂ ಆ ಟಾರ್ಚಿನ ಹುಡುಗನನ್ನೂ ಸಂಜೆ ಏಳು ಗಂಟೆಯ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರಿನ ಕೆಳಗೆ ದಿನವೂ ಕಾಣಬಹುದು. ಎಸಿ ಬಸ್ಸಿನೊಳಗೆ ಕೂತವನು ಮೊಬೈಲಿನಲ್ಲಿ ಸಕಲೇಶಪುರದ ಕಡೆ ಒಂದೆರಡು ಎಕರೆ ಕಾಫಿ ತೋಟದ ವಿಡಿಯೊ ನೋಡುತ್ತಿರುತ್ತಾನೆ, ಎರಡು ಹಸು, ಒಂದು ಕೆರೆ. ಸಕಲೇಶಪುರದಿಂದಲೇ ಬಂದು ಪಕ್ಕದಲ್ಲಿ ಬೈಕ್ ನಿಲ್ಲಿಸಿ ಡೆಲಿವರಿ ಆರ್ಡರಿಗೆ ಕಾಯುವವನು ಆ ಬಸ್ಸಿನ ಕಿಟಕಿಯನ್ನೇ ನೋಡುತ್ತಿರುತ್ತಾನೆ. ಒಬ್ಬನ ಬೇಸರ ಇನ್ನೊಬ್ಬನ ಕನಸು. ಇವರಿಬ್ಬರ ನಡುವೆ ನೆಮ್ಮದಿಯಾಗಿರುವವನು ಮಾತ್ರೆ ಮಾರುವವನು ಮಾತ್ರ. ಅವನಿಗೆ ಇಬ್ಬರೂ ಗಿರಾಕಿಗಳು. ವರ್ತೂರಿನ ದಾರಿಯ ಹೋರ್ಡಿಂಗುಗಳನ್ನು ನೋಡಿ, ಎಲ್ಲ ಅವನವೇ. ಚಿತ್ರದಲ್ಲಿ ಕೆರೆ ನೀಲಿ, ಆಕಾಶ ನೀಲಿ, ಬಾಲ್ಕನಿಯಲ್ಲಿ ನಗುವ ಗಂಡ ಹೆಂಡತಿ. ಅದೇ ಕಡೆಯ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿ, ಬೆಂಕಿಯನ್ನೂ ಹತ್ತಿಸಿಕೊಂಡು ದೇಶಕ್ಕೆಲ್ಲ ಸುದ್ದಿಯಾದದ್ದು ಹೋರ್ಡಿಂಗಿನಲ್ಲಿ ಬರುವುದಿಲ್ಲ.

ಇಲ್ಲೊಂದು ಮೋಸವಿದೆ, ಅದನ್ನು ಹೇಳದಿದ್ದರೆ ಲಕಾನನನ್ನು ಬಿಲ್ಡರುಗಳೇ ಕೊಂಡುಕೊಂಡಾರು. ಎಲ್ಲ ಕೊರತೆಯೂ ಹಂಬಲದ ತೂತಲ್ಲ. ಊರಂಚಿನ 110 ಹಳ್ಳಿಗಳು ನಗರಕ್ಕೆ ಸೇರಿದ್ದು 2007ರಲ್ಲಿ. ಅವುಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತದ ನೀರಿನ ಯೋಜನೆಯ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕುಳಿತ ಮನೆಯವರಿಗೆ ‘ಕೊರತೆಯೇ ಮನುಷ್ಯನ ಸ್ವರೂಪ’ ಎಂದು ಯಾರಾದರೂ ಹೇಳಿದ್ದರೆ ಬಕೆಟ್ಟಿನಲ್ಲಿ ಹೊಡೆಯುತ್ತಿದ್ದರು, ಸರಿಯಾಗಿಯೇ. ನೀರು ಬೇಕು, ಓಟಿ ಮಾಡಿದ ದುಡ್ಡು ಬೇಕು, ಕಾಂಟ್ರ್ಯಾಕ್ಟ್ ಹುಡುಗನಿಗೆ ಪಿಎಫ್ ಬೇಕು. ಅವು ಹಸಿವು, ಅವುಗಳಿಗೆ ಅನ್ನವಿದೆ. ಆದರೆ ನಮ್ಮ ಊರಂಚಿನ ವ್ಯಾಪಾರ ನಡೆಯುವುದು ತಿರುವುಮುರುವಾಗಿ. ಮುಚ್ಚಬೇಕಾದ ಗುಂಡಿಯನ್ನು ಹಾಗೇ ಬಿಟ್ಟು, ಮುಚ್ಚಲಾಗದ ತೂತಿಗೆ ದಿನಕ್ಕೊಂದು ಬಿರಡೆ ಮಾರುವುದು. ನಲ್ಲಿಯಲ್ಲಿ ನೀರಿಲ್ಲ, ಬ್ರೋಷರಿನಲ್ಲಿ ಈಜುಕೊಳವಿದೆ. ಒಂದು ಹಸಿವು ತೀರಿದರೆ ಇನ್ನೊಂದು ಕೇಳುವುದು ತಪ್ಪೂ ಅಲ್ಲ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಬಂತು. ಮೊದಮೊದಲು ಮೂರೇ ರೈಲು, 25 ನಿಮಿಷಕ್ಕೊಂದು. ಬಂತಲ್ಲ ಎಂಬ ಸಂಭ್ರಮ ಮುಗಿಯುವ ಮೊದಲೇ ಬೇಗ ಬೇಗ ಬಿಡಿ ಎಂದರು ಜನ. ಅದು ನ್ಯಾಯವಾದ ಕೇಳಿಕೆ. ಆ ರೈಲಿನಲ್ಲಿ ಕೂತು, ‘ಇನ್ನೂ ಏನೋ ಇಲ್ಲ’ ಎಂದು ಕಿಟಕಿಯಾಚೆ ನೋಡುತ್ತೀರಲ್ಲ, ಅದಕ್ಕೆ ಮೆಟ್ರೊ ನಿಗಮ ಹೊಣೆಯಲ್ಲ.

ಇದೆಲ್ಲ ಕೇಳಿಸಿಕೊಂಡ ಅಕ್ಕನ ಮಗ ಚಹಾ ಲೋಟ ಕೆಳಗಿಟ್ಟು ಕೇಳಿದ, “ಮಾಮ, ಹಾಗಾದ್ರೆ ಪ್ರೀತಮ್ ಮಾಡಿದ್ದು ಪ್ರೀತಿನೇ ಅಲ್ವಾ?”

ಖಂಡಿತ ಪ್ರೀತಿಯೇ. ತನ್ನ ಹತ್ತಿರ ಇಲ್ಲದ್ದನ್ನು ಕೊಡುವುದೇ ಪ್ರೀತಿ ಎನ್ನುವುದೂ ಲಕಾನನದೇ ಮಾತು. ಇದ್ದದ್ದನ್ನು ಕೊಡುವುದು ದಾನ, ಶ್ರೀಮಂತನಿಗೆ ಅದು ಸುಲಭ. ಪ್ರೀತಮನ ಹತ್ತಿರ ಕಾರಿತ್ತು, ದುಡ್ಡಿತ್ತು, ಅವನ್ನು ಕೊಡಲಿಲ್ಲ. ಒಂದು ದಿನವೂ ತನ್ನವಳಾಗಿರದ ನಂದಿನಿಯನ್ನು ಗೌತಮನಿಗೆ ಕೊಟ್ಟ. ಬೇಕಾದದ್ದೆಲ್ಲ ಮೊದಲೇ ಸಿಕ್ಕಿದ್ದ ಹುಡುಗ, ಸಿಗದ ಒಂದನ್ನು ಕೈಯಾರೆ ಕೊಟ್ಟು ದೊಡ್ಡವನಾದ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಮಾರನೆಯ ದಿನ ಅಕ್ಕನ ಫೋನು.

“ಏನೋ, ನನ್ನ ಮಗನ ತಲೇಲಿ ಏನು ತುಂಬಿದ್ದೀಯ? ಭಾನುವಾರ ಹುಡುಗಿ ನೋಡೋಕೆ ಬಾರೋ ಅಂದ್ರೆ, ಸಿಕ್ಕಿಬಿಟ್ರೆ ಹಂಬಲ ಹೋಗುತ್ತಮ್ಮ, ಲಕಾನ್ ಹೇಳಿದ್ದಾನೆ ಅಂತಾನೆ. ಯಾವನೋ ಅವನು? ನಿನ್ನ ಆಫೀಸಿನವನಾ?”

“ಅಲ್ಲ ಅಕ್ಕ, ಪ್ಯಾರಿಸಿನ ಡಾಕ್ಟರು. ತೀರಿಕೊಂಡಿದ್ದಾನೆ.”

“ಮದುವೆ ಆಗಿತ್ತಾ ಅವನಿಗೆ?”

“ಎರಡು ಸಲ. ಎರಡನೆಯವಳು ಸಿನಿಮಾ ನಟಿ.”

ಆ ಕಡೆ ಎರಡು ಕ್ಷಣ ಸದ್ದಿಲ್ಲ. “ನೋಡಿದ್ಯಾ! ಊರವರ ಮಕ್ಕಳಿಗೆ ಹಂಬಲ ಸಾಕು ಅನ್ನೋದು, ತಾನು ಮಾತ್ರ ಎರಡೆರಡು ಮದುವೆ! ಅವನಿಗೇ ಮದುವೆಯಿಂದ ಹಂಬಲ ಹೋಗಲಿಲ್ಲ ಅಂದ ಮೇಲೆ ನನ್ನ ಮಗಂದು ಹೋಗುತ್ತಾ? ಭಾನುವಾರ ಹತ್ತಕ್ಕೆ ಹೊರಡ್ತೀವಿ, ನೀನೂ ಬಾ.”

ಲಕಾನನ ಸಿದ್ಧಾಂತದ ಕೊನೆಯ ಅಧ್ಯಾಯವನ್ನು ಅಕ್ಕ ಇಷ್ಟು ಚೊಕ್ಕವಾಗಿ ಹೇಳಿಬಿಟ್ಟ ಮೇಲೆ ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಭಾನುವಾರ ಎಲ್ಲರೂ ಹೋದೆವು. ಉಪ್ಪಿಟ್ಟು, ಕೇಸರಿಬಾತು ಎರಡೂ ಚೆನ್ನಾಗಿದ್ದವು. ಹುಡುಗಿ ಪೀಣ್ಯದ ಕಂಪನಿಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಅಂತೆ. ಗೋ, ನೋ ಗೋ ಅವಳೇ ನೋಡಿ ಹೇಳುತ್ತಾಳೆ.